ಪಂಪಮ್ಮನ ಮನೆಯಲ್ಲಿಟ್ಟ ಬ್ಯಾಗು

"ನಾಳಿ ಮಕ್ಕಳನ್ನ ಹುಬ್ಬಳ್ಳಿ ನೀರಿನ ಪಾರ್ಕಿಗೆ ಕರಕೊಂಡು ಹೋಗೂಣಂತ... ನೀವೂ ಬರ್ತೀರಲ್ಲ?"

ಶಿವಲೀಲಾಳ ಕೈಯಲ್ಲಿದ್ದ ರೊಟ್ಟಿ ಹಂಚಿನ ಅಂಚಿಗೆ ಬಡಿದು ಮುರಿಯಿತು.

ಹಾಲೇಶ ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದ. ಮೈಮೇಲೆ ಫ್ಯಾಕ್ಟರಿಯ ನೀಲಿ ಅಂಗಿ, ಹುಬ್ಬಿನ ತುಂಬ ಕಪ್ಪು ದೂಳು. ಮದುವೆಯಾಗಿ ಆರು ತಿಂಗಳಾಗಿತ್ತು. ಅವನು ಅವಳ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿದ್ದು ಇದೇ ಮೊದಲು!

ಆ ನೋಟಕ್ಕೆ ಅವಳ ಎದೆ ಝಲ್ಲೆಂದಿತು. ಮರುಕ್ಷಣವೇ ಮಾತು ಚುಚ್ಚಿತು.

ನೀವೂ ಬರ್ತೀರಲ್ಲ... ಪಕ್ಕದ ಮನೆಯವರನ್ನು ಕರೆದ ಹಾಗೆ!

"ಇದ್ದಕ್ಕಿದ್ದಂಗ ಏನ್ರಿ ಇದು?" ಎಂದಳು, ಮುರಿದ ರೊಟ್ಟಿಯನ್ನು ಕೂಡಿಸಲು ನೋಡುತ್ತ.

"ಎರಡು ದಿನ ರಜಾ ಸಿಕ್ಕೈತಿ. ಈಗ ಸಾಹೇಬ್ರ ಸೈನ್ ಆತು. ಸೋಮವಾರ ಸಾಲಿ ಚಾಲೂ ಆಗ್ತಾವ. ಇದು ತಪ್ಪಿದ್ರ ಮುಂದಿನ ಬ್ಯಾಸಿಗಿತನಕ ಆಗೂದಿಲ್ಲ."

ಇಷ್ಟು ಹೇಳುವಷ್ಟರಲ್ಲಿ ಅವನ ಕತ್ತು ಬೆವರಿತ್ತು. ಅವಳು ಉತ್ತರ ಕೊಡುವ ಮೊದಲೇ ಹಜಾರದಿಂದ ಮಕ್ಕಳ ಕೂಗು ಕೇಳಿತು. ಅವನ ಮಗ ಏಳು ವರ್ಷದ ಸಿದ್ದು ಮಂಚದ ಮೇಲೆ ಕುಣಿಯುತ್ತಿದ್ದ. ಅವಳ ಮಗಳು ಐದು ವರ್ಷದ ಸಿಂಚನಾ ಕೆಳಗೆ ನಿಂತು, ಯಾಕೆಂದು ತಿಳಿಯದಿದ್ದರೂ, ಅವನ ಜೊತೆ ಕುಣಿಯುತ್ತಿದ್ದಳು.

ಇಬ್ಬರಿಗೂ ಇದು ಎರಡನೆಯ ಮದುವೆ. ಹಾಲೇಶನ ಮೊದಲ ಹೆಂಡತಿ ಹೇಮಾವತಿ ಜ್ವರದಲ್ಲಿ ಹೋಗಿ ಮೂರು ವರ್ಷವಾಗಿತ್ತು. ಶಿವಲೀಲಾಳ ಗಂಡ, ಸಿಂಚನಾ ಹೊಟ್ಟೆಯಲ್ಲಿದ್ದಾಗಲೇ, ಕುಷ್ಟಗಿ ರಸ್ತೆಯಲ್ಲಿ ಲಾರಿಗೆ ಸಿಕ್ಕಿದ್ದ. ಹಿರಿಯರು ಮಾತಾಡಿದರು, ಕೊಪ್ಪಳದ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿಯಾಯಿತು, ಶಿವಲೀಲಾ ಮಗಳ ಕೈ ಹಿಡಿದು ಗಿಣಿಗೇರಾಕ್ಕೆ ಬಂದಳು.

ಬಂದ ದಿನದಿಂದ ಒಂದೇ ಪ್ರಶ್ನೆ ಅವಳನ್ನು ಕೂರಲು ಬಿಟ್ಟಿರಲಿಲ್ಲ. ನಾನು ಇವನ ಹೆಂಡತಿಯೋ? ಇಲ್ಲಾ, ತಾಯಿಯಿಲ್ಲದ ಹುಡುಗನಿಗೆ ಊಟ ಹಾಕಲು ಬಂದವಳೋ?

ಹಾಲೇಶ ಕೆಟ್ಟವನಲ್ಲ. ಸಿಂಚನಾಳಿಗೆ ಚಾಕೊಲೇಟ್ ತರುತ್ತಿದ್ದ, ಗ್ಯಾಸ್ ಮುಗಿಯುವ ಮೊದಲೇ ಸಿಲಿಂಡರ್ ತರಿಸುತ್ತಿದ್ದ. ಆದರೆ ಮನೆಯಲ್ಲಿ ನಿಲ್ಲುತ್ತಿರಲಿಲ್ಲ! ಎಲ್ಲರಿಗೂ ರಜೆಯಿರುವ ರವಿವಾರವೂ ಅವನು ಬುತ್ತಿ ಕಟ್ಟಿಸಿಕೊಂಡು ಹೊರಟುಬಿಡುತ್ತಿದ್ದ. ಕೇಳಿದರೆ "ಡ್ಯೂಟಿ ಐತಿ" ಎಂದಷ್ಟೇ.

ನನ್ನ ಮುಖ ನೋಡಿಕೊಂಡು ಮನೆಯಲ್ಲಿರುವುದು ಅವನಿಗೆ ಕಷ್ಟ... ಎಂದುಕೊಂಡಿದ್ದಳು ಶಿವಲೀಲಾ.

ಹಾಗಿರುವಾಗ ಇವತ್ತೇನಿದು?

ಉತ್ತರ ಅತ್ತೆಯ ಬಾಯಿಂದಲೇ ಬಂತು. ವಿರೂಪಾಕ್ಷಮ್ಮ ಎಲೆಗೆ ಸುಣ್ಣ ಹಚ್ಚುತ್ತ, ಕೆಟ್ಟ ಮನಸ್ಸೇನೂ ಇಲ್ಲದೆ ಹೇಳಿದಳು. "ಹೇಮಾವತಿ ಭಾಳ ಆಸಿ ಮಾಡಿದ್ಲವ್ವ ಆ ಪಾರ್ಕಿಗೆ ಹೋಗಬೇಕಂತ. ಆವಾಗ ಇವಗ ರಜಾನೇ ಸಿಗಲಿಲ್ಲ."

ಓ... ಹಾಗೋ!

ಶಿವಲೀಲಾ ಮತ್ತೊಂದು ಹಿಟ್ಟಿನ ಮುದ್ದೆಯನ್ನು ರಪರಪನೆ ಬಡಿದಳು. ಸತ್ತವಳ ಆಸೆ ತೀರಿಸಲು ಹೊರಟಿದ್ದಾನೆ. ನಾನು ಒದ್ದೆ ಬಟ್ಟೆ ಹಿಂಡಲು, ಬ್ಯಾಗು ಕಾಯಲು!

"ನೀವು ತಂದಿ-ಮಗ ಹೋಗಿ ಬರ್ರಿ," ಎಂದಳು, ತಿರುಗಿ ನೋಡದೆ. "ನಾನೂ ಸಿಂಚನಾ ಕುಷ್ಟಗಿಗೆ ಹೋಗಿ ಇರ್ತೀವಿ. ಅವ್ವನೂ ಕರದಾಳ."

ಹಾಲೇಶನ ಮುಖ ಬಿಳಚಿತು.

"ನಿಮ್ಮ ಮನಸಿಗೆ ಹೆಂಗ ಬರ್ತದ ಹಂಗ," ಎಂದು ತೊದಲಿ, "ಮಕ್ಕಳಿಗೆ ನೀರಾಗ ಆಡೂ ಅರಿವಿ ಬೇಕಂತ. ಕೊಪ್ಪಳಕ್ಕ ಹೋಗಿ ಬರ್ತೀನಿ," ಎಂದವನೇ ಬೈಕ್ ಹತ್ತಿದ.

'ಇಲ್ಲ, ನೀ ಬರಲೇಬೇಕು' ಎಂದು ಒಂದು ಮಾತು ಜೋರು ಮಾಡಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಅವಳು ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡಳು.

ಸ್ವಲ್ಪ ಹೊತ್ತಿಗೆ ಸಿದ್ದು ಬಾಗಿಲಿಗೆ ಬಂದು ನಿಂತ.

"ಆಂಟಿ, ನೀವು ಬರೂದಿಲ್ಲಂದ್ರ ಸಿಂಚನಾ ಬರೂದಿಲ್ಲಂತ."

"ನೀ ಹೋಗಿ ಬಾ, ಅಪ್ಪನ ಜೋಡಿ."

"ಅಪ್ಪಗ ಜಾರಬಂಡಿ ಆಡಾಕ ಎಲ್ಲಿ ಬರ್ತದ? ಸುಮ್ನ ನಿಂತಿರ್ತಾನ, ಕಂಬದಂಗ!"

ಅವಳಿಗೆ ನಗು ತಡೆಯಲಾಗಲಿಲ್ಲ. ನಕ್ಕಮೇಲೆ ಮುನಿಸು ಹಿಡಿದಿಟ್ಟುಕೊಳ್ಳುವುದು ಕಷ್ಟವಾಯಿತು.

"ಆತು, ಬರ್ತೀನಿ. ಕುಣೀಬ್ಯಾಡ, ಮಂಚ ಮುರೀತದ!"

ಅಲ್ಲಿಂದ ಮನೆ ಸಂತೆಯಾಯಿತು. ಸಿದ್ದು ಮೊಬೈಲಿನಲ್ಲಿ ಪಾರ್ಕಿನ ವಿಡಿಯೋ ಹಚ್ಚಿ ಒಂದೊಂದೇ ನಿಯಮ ಓದಿ ಹೇಳತೊಡಗಿದ. ಎತ್ತರ ಅಳೆಯುವ ಗೀಟಿಗಿಂತ ಗಿಡ್ಡ ಇದ್ದವರಿಗೆ ದೊಡ್ಡ ಜಾರುಬಂಡಿ ಇಲ್ಲ. ಸಿಂಚನಾ ಓಡಿಹೋಗಿ ಬಾಗಿಲ ಚೌಕಟ್ಟಿಗೆ ಬೆನ್ನು ಹಚ್ಚಿ, ತುದಿಗಾಲಲ್ಲಿ ನಿಂತು, ಉಸಿರು ಬಿಗಿ ಹಿಡಿದಳು. ಒಳಗೆ ಹೊರಗಿನ ಊಟ ಒಯ್ಯುವಂತಿಲ್ಲ. ಸೀರೆ ಉಟ್ಟವರನ್ನು ನೀರಿಗೆ ಬಿಡುವುದಿಲ್ಲ.

"ಅಯ್ಯ ಇವರ ಬಾಯಾಗ ಮಣ್ಣ ಹಾಕಲಿ!" ವಿರೂಪಾಕ್ಷಮ್ಮ ಎಲೆಯಡಿಕೆ ಉಗುಳಿಯೇ ಬಂದಳು. "ಹೊಳ್ಯಾಗ ಸೀರಿ ಉಟ್ಟು ಮುಣಗಿ ಏಳ್ತೀವಲ್ಲ, ಹೊಳಿ ಎಂದರ ಬ್ಯಾಡಂದೈತೇನು? ರೊಟ್ಟಿ, ಶೇಂಗಾ ಚಟ್ನಿ ಕಟ್ಟತೀನಿ. ಒಳಗ ಬಿಡಲಿಲ್ಲಂದ್ರ ಗೇಟಿನ ಮುಂದ ಕುಂತು ಉಂಡು ಹೋಗ್ರಿ!"

"ನೀವೂ ಬರ್ರಿ ಅತ್ತಿ."

"ನನ್ನ ಮೊಣಕಾಲಿಗೆ ನಾ ಜಾರಬಂಡಿ ಹತ್ತಿದ್ರ ಇಳಸಾಕ ಕ್ರೇನ್ ತರಬೇಕಾಕ್ಕೈತಿ."

ನಗುತ್ತಿದ್ದ ವಿರೂಪಾಕ್ಷಮ್ಮ ಇದ್ದಕ್ಕಿದ್ದ ಹಾಗೆ ಬೆರಳ ಗೆಣ್ಣು ಎಣಿಸಿದಳು.

"ನಾಳಿ ಶುಕ್ರವಾರ... ಹುಬ್ಬಳ್ಳಿ ಪಡುವಲ ದಿಕ್ಕು. ಶುಕ್ರವಾರ ಪಡುವಲಕ್ಕ ಶೂಲ ಐತೆವ್ವಾ!"

ಶಿವಲೀಲಾಳಿಗೆ ಅದು ತಿಳಿಯದ್ದೇನಲ್ಲ. ವಾರಶೂಲವಿರುವ, ಅಂದರೆ ಆ ದಿನ ಹೊರಟರೆ ಕೇಡೆನ್ನುವ ದಿಕ್ಕಿಗೆ ಹೊರಡಲೇಬೇಕಾದರೆ ಅವಳ ತವರಿನಲ್ಲೂ ಒಂದು ದಾರಿಯಿತ್ತು. ಹಿಂದಿನ ದಿನವೇ, ಹೊತ್ತು ಮುಳುಗುವ ಮೊದಲು, ಪ್ರಯಾಣದ ಬಟ್ಟೆಯ ಗಂಟನ್ನು ಬೇರೆಯವರ ಮನೆಯಲ್ಲಿ ಇಟ್ಟುಬರುವುದು. ಅದಕ್ಕೆ ಪ್ರಸ್ಥಾನ ಇಡುವುದು ಎನ್ನುತ್ತಾರೆ. ಗಂಟು ಮನೆ ಬಿಟ್ಟಿತೆಂದರೆ ಪ್ರಯಾಣ ಹೊರಟ ಹಾಗೆಯೇ ಲೆಕ್ಕ. ಮರುದಿನದ ಶೂಲ ತಟ್ಟುವುದಿಲ್ಲ. ಹಾಗೆ ಇಟ್ಟದ್ದನ್ನು ಮತ್ತೆ ಮನೆಯೊಳಗೆ ತರುವಂತಿಲ್ಲ.

"ಸ್ಟೇಷನ್ ಕಡೆ ನಮ್ಮ ಗುರ್ತಿನ ಪಂಪಮ್ಮನ ಮನ್ಯಾಗ ಪರಸ್ತಾನ ಇಟ್ಟು ಬಾರವ್ವಾ," ವಿರೂಪಾಕ್ಷಮ್ಮ ದನಿ ತಗ್ಗಿಸಿದಳು. "ಆದ್ರ ಹಾಲೇಶಗ ಹೇಳಬ್ಯಾಡ. ನಿನಗ ಕೈ ಮುಗೀತೀನಿ."

ಯಾಕೆಂಬುದೂ ಶಿವಲೀಲಾಳಿಗೆ ಗೊತ್ತಿತ್ತು. ಹೇಮಾವತಿಗೆ ಜ್ವರ ಏರಿ ಹುಬ್ಬಳ್ಳಿಗೆ ಒಯ್ಯುವ ದಿನ, ರಾಹುಕಾಲ ಕಳೆಯಲಿ ಎಂದು ವಿರೂಪಾಕ್ಷಮ್ಮ ಕಾರನ್ನು ಅಂಗಳದಲ್ಲೇ ನಿಲ್ಲಿಸಿಕೊಂಡಿದ್ದಳು. ಆ ತಡದಿಂದ ಏನೂ ಆಗಲಿಲ್ಲವೆಂದು ಡಾಕ್ಟರು ಹೇಳಿದರೂ, ಮಣ್ಣು ಮುಗಿಸಿ ಬಂದ ಹಾಲೇಶ ಗೋಡೆಯ ಪಂಚಾಂಗ ಕಿತ್ತು ಒಲೆಗೆ ಹಾಕಿದ್ದ. ಆಮೇಲೆ ಈ ಮನೆಯಲ್ಲಿ ಯಾರೂ ದಿನ-ವಾರದ ಮಾತೆತ್ತಿರಲಿಲ್ಲ.

"ಆತ್ರಿ ಅತ್ತಿ," ಎಂದು ಶಿವಲೀಲಾ ಎದ್ದಳು. ಹಾಲೇಶನ, ಸಿದ್ದುವಿನ ಬಟ್ಟೆಗಳು ಇನ್ನೂ ತಂತಿಯ ಮೇಲಿದ್ದವು. ಬೆಳಿಗ್ಗೆ ಒಣಹಾಕಿದ್ದರ ಮೇಲೆಲ್ಲ ಫ್ಯಾಕ್ಟರಿ ಚಿಮಣಿಯ ಕಪ್ಪು ದೂಳು ಕೂತು, ಮತ್ತೆ ಒಗೆದು ಹಾಕಿದ್ದಳು. ಹಾಗಾಗಿ ತನ್ನ ಮತ್ತು ಸಿಂಚನಾಳ ಬಟ್ಟೆಗಳನ್ನಷ್ಟೇ ಬ್ಯಾಗಿಗೆ ತುಂಬಿದಳು. ಮೊಬೈಲು ಚಾರ್ಜಿಗೆ ಹಾಕಿ, ಮಗಳ ಕೈ ಹಿಡಿದು ಹೊರಟಳು.

ಅವಳು ಓಣಿ ದಾಟಿದ ಸ್ವಲ್ಪ ಹೊತ್ತಿಗೆ ಹಾಲೇಶನ ಬೈಕ್ ಬಂತು.

"ಸಿಂಚನಾ! ನೋಡಿಲ್ಲೆ, ಮೀನಿನ ಚಿತ್ರದ್ದು ತಂದೀನಿ!"

ಯಾರೂ ಓಡಿಬರಲಿಲ್ಲ. ಸಿದ್ದು ಅಂಗಳದಲ್ಲಿ ಗೋಲಿ ಆಡುತ್ತಿದ್ದ. "ಆಂಟಿ ದೊಡ್ಡ ಬ್ಯಾಗಿನ್ಯಾಗ ಅರಿವಿ ತುಂಬಕೊಂಡು ಸಿಂಚನಾನ ಕರಕೊಂಡು ಹೋದ್ರು."

ಹಾಲೇಶ ಒಳಗೆ ಹೋದ. ಕಪಾಟಿನಲ್ಲಿ ಅವಳ ಬಟ್ಟೆಯ ಜಾಗ ಅರ್ಧ ಖಾಲಿ. ಅವಳ ನಂಬರಿಗೆ ಫೋನ್ ಹಚ್ಚಿದ. ಅಡುಗೆಮನೆಯ ಕಟ್ಟೆಯ ಮೇಲೆಯೇ ರಿಂಗಾಯಿತು. ಫೋನು ಕೂಡ ಬಿಟ್ಟು ಹೋಗಿದ್ದಾಳೆ...

"ಅವ್ವಾ, ಎಲ್ಲಿ ಹೋಗ್ಯಾಳ ಅಕಿ?"

ವಿರೂಪಾಕ್ಷಮ್ಮ ಅಂಜಿದಳು. ಪ್ರಸ್ಥಾನದ ಮಾತು ಹೇಗೆ ಹೇಳುವುದು? "ನನಗೇನ ಗೊತ್ತಪ್ಪಾ... ಹೇಳಲಿಲ್ಲ..." ಎಂದು ಸೆರಗು ತಿರುವುತ್ತ ಮುಖ ಆಚೆ ಮಾಡಿದಳು.

ತಾಯಿ ಕಣ್ಣು ತಪ್ಪಿಸಿದ್ದು ನೋಡಿ ಅವನಿಗೆ ಉಳಿದದ್ದೂ ತಿಳಿದ ಹಾಗಾಯಿತು. ಮಧ್ಯಾಹ್ನ ಅವಳೇ ಹೇಳಿದ್ದಳಲ್ಲ... ಕುಷ್ಟಗಿ!

ಕೈಯಲ್ಲಿದ್ದ ಪೊಟ್ಟಣ ಮಂಚದ ಮೇಲೆ ಬಿತ್ತು. ಬೈಕ್ ಗುಡುಗುತ್ತ ಓಣಿ ದಾಟಿತು.

* * *

ಶಿವಲೀಲಾ ಬಂದಾಗ ಅತ್ತೆ ಹೊಸ್ತಿಲ ಮೇಲೆ ಕೂತು ಅಳುತ್ತಿದ್ದಳು.

"ನನ್ನ ನಾಲಿಗಿಗೆ ಬೆಂಕಿ ಹಚ್ಚಲಿ! ಅಂಜಿ ಸುಳ್ಳ ಹೇಳಿದ್ಯವ್ವಾ. ನೀ ಬಿಟ್ಟು ಹೋದೆಂತ ತಿಳಕೊಂಡು ಹೋದ ಅಂವ. ಹೆಲ್ಮೆಟ್ ಸೈತ ಹಾಕ್ಕೊಳ್ಳಲಿಲ್ಲ..."

ರಸ್ತೆ, ಲಾರಿ... ಶಿವಲೀಲಾಳ ಬಾಳಿನಲ್ಲಿ ಒಮ್ಮೆ ಆಗಿಹೋದದ್ದು ಕಣ್ಣೆದುರು ಬಂತು. ಅವನ ನಂಬರಿಗೆ ಹಚ್ಚಿದಳು, ಮತ್ತೆ ಹಚ್ಚಿದಳು. ಎತ್ತಲಿಲ್ಲ.

ಹುಡುಕಲು ಹೋದನೇ? ನನ್ನನ್ನು? ಮನೆಯಲ್ಲಿ ಒಂದು ರವಿವಾರ ನಿಲ್ಲದವನು!

ಅಷ್ಟರಲ್ಲಿ ಬಾಗಿಲಲ್ಲಿ ಕಾರು ನಿಂತಿತು. ಹಾಲೇಶನ ಜೊತೆ ಕೆಲಸ ಮಾಡುವ ಅಕ್ಬರ. ನಾಳೆಯ ಪ್ರಯಾಣಕ್ಕೆ ಹಾಲೇಶ ಅವನ ಕಾರನ್ನೇ ಗೊತ್ತುಮಾಡಿದ್ದ.

"ವೈನಿ, ನಾಳಿ ಎಷ್ಟಕ್ಕ ಬಿಡೂದು ಅಂತ ಕೇಳಾಕ ಬಂದೆ. ಎಲ್ಲಿ ನಮ್ಮ ರವಿವಾರದ ಸಾಹೇಬ್ರು?"

"ರವಿವಾರದ ಸಾಹೇಬ್ರಾ?"

"ಹಂಗ ಕರೀತೀವ್ರಿ ಅಂವಗ. ಮಂದಿ ಡ್ಯೂಟಿ ಎಲ್ಲಾ ಇವನ ಮೈಮ್ಯಾಲ! ರಜಾ ದಿನ ಕೆಲಸ ಮಾಡಿದ್ರ ಅದರ ಬದಲಿ ಮುಂದ ರಜಾ ಕೊಡತಾರ್ರಿ. ಅದನ್ನ ಕೂಡಿಸಾಕಂತ ದೀಪಾವಳಿ ಆದಾಗಿಂದ ದುಡದಾನ. ಕೂಡಿದ್ರೂ ಮ್ಯಾಲಿನ ಸಾಹೇಬ್ರು ಸೈನ್ ಮಾಡಬೇಕಲ್ಲ? ದಿನಾ ಹೋಗಿ ನಿಂದ್ರತಿದ್ದ. ಇವತ್ತು ಇವನ ಬದಲಿ ಡ್ಯೂಟಿ ಮಾಡಾಕ ಬ್ಯಾರೆ ಮನಷ್ಯಾ ಸಿಕ್ಕ, ಸೈನ್ ಹಾಕಿದ್ರು. ಪಾರ್ಕಿಗೆ ಅಂದಕೂಡಲೇ ನಾವೆಲ್ಲ ನಕ್ವಿ. ನಿಮಗ ಹೇಳಿಲ್ಲೇನ್ರಿ?"

ಶಿವಲೀಲಾ ಈ ಮನೆಗೆ ಬಂದದ್ದೇ ದೀಪಾವಳಿಯ ಮರುವಾರ.

"ಅಕ್ಬರಣ್ಣ, ಕೊಪ್ಪಳ ಬಸ್ ಸ್ಟ್ಯಾಂಡಿಗೆ ನಡೀರಿ. ಕುಷ್ಟಗಿ ಬಸ್ ಅಲ್ಲಿಂದನ ಬಿಡ್ತಾವ. ಲಗೂನ!" ಎಂದಳು, ಸಿಂಚನಾಳನ್ನು ಅತ್ತೆಯ ಹತ್ತಿರ ಬಿಟ್ಟು.

"ಏನಾತ್ರಿ ವೈನಿ?"

"ಗಾಡಿ ಹೊಡೀರಿ, ದಾರ್‍ಯಾಗ ಹೇಳ್ತೀನಿ."

ಹದಿನೈದು ಕಿಲೋಮೀಟರೂ ಇಲ್ಲದ ಆ ದಾರಿ ಅವತ್ತು ಮುಗಿಯಲೊಲ್ಲದಾಯಿತು. ಎದುರಿಗೆ ಬಂದ ಪ್ರತಿ ಬೈಕನ್ನೂ ಅವಳು ಕತ್ತು ಚಾಚಿ ನೋಡಿದಳು. ಅದಿರಿನ ಲಾರಿ ಬಂದಾಗಲೆಲ್ಲ ಕಣ್ಣು ಮುಚ್ಚಿದಳು.

* * *

ಕುಷ್ಟಗಿ ಬಸ್ಸು ಇನ್ನೂ ನಿಂತಿತ್ತು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಸಂಜೆಯ ಬಸ್ಸೆಂದರೆ ಬರೀ ಸೆರಗು, ಚೀಲ, ಕೂಸು. ಆ ತುಂಬಿದ ಬಸ್ಸಿನ ನಡುವೆ ಹಾಲೇಶ ಒಂದೊಂದೇ ಸೀಟಿಗೆ ಬಗ್ಗಿ ಹೆಂಗಸರ ಮುಖ ನೋಡುತ್ತಿದ್ದ.

"ಏನೋ ತಮ್ಮಾ, ಹೆಣ್ಣ ನೋಡಾಕ ಬಂದೀಯೇನು?" ಎಂದಳು ಒಬ್ಬ ಮುದುಕಿ. "ನಾ ಅದೀನಿ ನೋಡು, ಒಪ್ಪಿಗಿ ಐತೇನು?"

ಬಸ್ಸಿಗೆ ಬಸ್ಸೇ ನಕ್ಕಿತು.

"ಯಜಮಾನ್ರ, ಇಳೀರಿ! ಬಸ್ ಬಿಡಬೇಕು," ಕಂಡಕ್ಟರ್ ಕೂಗಿದ.

"ಸರ್, ನನ್ನ ಹೆಂಡ್ತಿ... ಸಣ್ಣ ಹುಡುಗಿ ಜೋಡಿ... ಇದಕ್ಕಿಂತ ಮೊದಲಿನ ಬಸ್ ಹೋಗಿ ಎಷ್ಟೊತ್ತಾತು?"

ನನ್ನ ಹೆಂಡ್ತಿ.

ಕಿಟಕಿಯ ಕೆಳಗೆ ನಿಂತಿದ್ದ ಶಿವಲೀಲಾಳಿಗೆ ಆ ಎರಡು ಪದ ಕೇಳಿ ಅಳುವೇ ಬಂತು. ಇಷ್ಟು ದಿನ ಅವನ ಬಾಯಿಂದ ಈ ಮಾತು ಕೇಳಲು ಕಾದಿದ್ದಳು. ಅವನು ಅದನ್ನು ಮೊದಲು ಹೇಳಿದ್ದು ಒಬ್ಬ ಕಂಡಕ್ಟರನಿಗೆ!

"ರೀ... ಇಲ್ಲೆ ಅದೀನಿ. ಇಳೀರಿ."

ಅವನು ತಿರುಗಿದ. ಇಳಿಯುವ ಅವಸರಕ್ಕೆ ಯಾರದೋ ಚೀಲ ಎಡವಿ, ಬಾಗಿಲ ಸರಳು ಹಿಡಿದು ಹೇಗೋ ನಿಂತ. ತಲೆಯೆಲ್ಲ ದೂಳು.

"ನೀವು... ಬ್ಯಾಗು..."

"ಬ್ಯಾಗು ಪಂಪಮ್ಮಕ್ಕನ ಮನ್ಯಾಗ ಐತಿ. ಪರಸ್ತಾನ ಇಟ್ಟು ಬಂದೆ. ನಾಳಿ ಪಡುವಲಕ್ಕ ಶೂಲ ಅಂತ..."

ಅವನ ದವಡೆ ಬಿಗಿಯಿತು. ಅವಳಿಗೆ ಭಯವಾಯಿತು, ಆದರೂ ಬಿಡಲಿಲ್ಲ.

"ಅತ್ತಿ ಮ್ಯಾಲ ಸಿಟ್ಟಾಗಬ್ಯಾಡ್ರಿ. ಅವರೂ ಅಂಜ್ಯಾರ. ಒಬ್ಬ ಸೊಸಿ ಹುಬ್ಬಳ್ಳಿಗೆ ಹೋದಾಕಿ ಹಿಂದಕ್ಕ ಬರಲಿಲ್ಲ. ಮತ್ತೊಬ್ಬಾಕಿನ ಅದ ದಾರಿಗೆ ಕಳಸಾಕ ಅವರಿಗೂ ಕೈ ನಡಗೂದಿಲ್ಲೇನು?"

ಹಾಲೇಶ ಕಲ್ಲುಬೆಂಚಿನ ಮೇಲೆ ಕುಸಿದು ಕೂತ. ಬಸ್ಸು ಹೊರಟುಹೋಯಿತು. ಅಕ್ಬರ ದೂರದಿಂದಲೇ ಕೈ ಮಾಡಿ ಕಾರು ತಿರುಗಿಸಿಕೊಂಡು ಹೋದ.

ಕೊನೆಗೆ ಅವನು ಫೋನ್ ತೆಗೆದ.

"ಅವ್ವಾ... ಸಿಕ್ಕಾಳ. ಇಲ್ಲೇ ಅದಾಳ. ಕೇಳಿಲ್ಲೆ, ಹೊತ್ತು ಮುಣಗಾಕ ಇನ್ನೂ ಟೈಮ್ ಐತಿ. ನನ್ನ ಅಂಗಿ, ಸಿದ್ದೂನ ಚಡ್ಡಿ ಹಸಿ ಇದ್ರೂ ಅಡ್ಡಿಲ್ಲ, ಪಂಪಮ್ಮಕ್ಕನ ಮನ್ಯಾಗ ಆ ಬ್ಯಾಗಿನ ಮಗ್ಗಲ ಇಟ್ಟು ಬಾ. ಪರಸ್ತಾನ ಅಂದ್ರ ಎಲ್ಲಾರದೂ ಇಡಬೇಕು..."

ಆಚೆಯಿಂದ ಬಿಕ್ಕುವ ದನಿ ಕೇಳಿತು.

"ಯಾಕ ಅಳಾಕತ್ತಿ ಅವ್ವಾ? ಶನಿವಾರ ಮೂಡಲಕ್ಕ ಶೂಲ ಅಂತಾರಲ್ಲ, ವಾಪಸ್ ಬರಬಹುದಲ್ಲ?"

"ಮನಿಗಿ ಬರಾಕ ಯಾವ ಶೂಲ ಐತಪ್ಪಾ!" ಎಂಬ ಮಾತು ಶಿವಲೀಲಾಳಿಗೂ ಕೇಳಿತು.

ಅವಳು ಅವನ ಪಕ್ಕ ಕೂತಳು. "ರವಿವಾರದ್ದು ನನಗ್ಯಾಕ ಹೇಳಲಿಲ್ಲ?"

"ಏನಂತ ಹೇಳಲಿ? ಸಿಗತದೋ ಇಲ್ಲೋ ನನಗ ಗೊತ್ತಿರಲಿಲ್ಲ. ಒಬ್ಬಾಕಿಗೆ ಮಾತ ಕೊಟ್ಟು ಒಯ್ಯಾಕ ಆಗಲಿಲ್ಲ. ಕೈಯಾಗ ರಜಾ ಇಲ್ಲದ ಮತ್ತೊಮ್ಮೆ ಮಾತ ಕೊಡಾಕ ಧೈರ್ಯ ಆಗಲಿಲ್ಲ."

"ಹಂಗಾದ್ರ... ಇದು ಅಕಿ ಸಲುವಾಗಿ?"

ಕೇಳಬಾರದಿತ್ತೇನೋ. ಆದರೆ ಕೇಳದೆ ಬದುಕುವುದು ಇನ್ನು ಆಗುತ್ತಿರಲಿಲ್ಲ.

ಅವನು ಅವಳ ಕಡೆ ತಿರುಗಿದ. "ಅಕಿ ನೆನಪಾಗಲಿಲ್ಲ ಅಂದ್ರ ಸುಳ್ಳ ಆಕ್ಕೈತಿ. ಆದ್ರ ರಜಾ ಕೂಡಿಸಿದ್ದು ನಿನ್ನ ಸಲುವಾಗಿ. ನೀ ನಮ್ಮ ಮನ್ಯಾಗ ಮೆಲ್ಲಕ ನಡೀತಿ, ಮೆಲ್ಲಕ ಮಾತಾಡ್ತಿ, ಲಾಡ್ಜಿನ್ಯಾಗ ಇದ್ದಂಗ. ಒಮ್ಮೆ ಮನಿ ಬಿಟ್ಟು ಹೊರಗ ಕರಕೊಂಡು ಹೋದ್ರ, ಮಕ್ಕಳ ಜೋಡಿ ಕೂಡಿದ್ರ... ನೀ ಜೋರಾಗಿ ನಗಬಹುದು ಅನಿಸ್ತು."

ಅವಳ ಕಣ್ಣಿಂದ ನೀರು ಇಳಿಯಿತು. "ಮತ್ತ ಮಧ್ಯಾಹ್ನ ಬೀಗರನ್ನ ಕರದಂಗ ಕರದ್ರಿ?"

"ಹುಕುಂ ಮಾಡಾಕ ನಾ ಯಾರು ಅಂದ್ಕೊಂಡೆ."

"ಯಾರಂತ ಕಂಡಕ್ಟರಿಗೆ ಹೇಳಿದ್ರಲ್ಲ..."

ಹಾಲೇಶನ ಕಿವಿ ಕೆಂಪಾದವು. ಅದನ್ನು ನೋಡಿ, ಅತ್ತ ಕಣ್ಣಲ್ಲೇ, ಶಿವಲೀಲಾ ನಕ್ಕಳು. ಪಕ್ಕದ ಬೆಂಚಿನವರು ತಿರುಗಿ ನೋಡುವಷ್ಟು ಜೋರಾಗಿ!

"ಇನ್ನೊಂದು ತಪ್ಪಾಗೈತಿ," ಎಂದ ಅವನು, ತಲೆ ಕೆರೆದುಕೊಂಡು. "ನಿನಗ ನೀರಾಗ ಹಾಕ್ಕೊಳ್ಳೂ ಅರಿವಿ ತಂದಿಲ್ಲ. ಅಂಗಡ್ಯಾವ ಸೈಜ್ ಕೇಳಿದ. ಗೊತ್ತಿಲ್ಲ ಅಂದೆ. ಅಲ್ಲಿದ್ದ ಮಂದಿ ಎಲ್ಲಾ ನಕ್ರು."

"ನಗಲೇಳ್ರಿ. ಈಗ ಇಬ್ರೂ ಹೋಗೂಣು ನಡೀರಿ."

ಅಂಗಡಿಯಲ್ಲಿ ಅವಳು ಉದ್ದ ತೋಳಿನ ಕಡುನೀಲಿ ಬಟ್ಟೆಯನ್ನು ಮೈಗೆ ಹಿಡಿದು ನೋಡಿದಳು. ಅವನು ಬಾಗಿಲ ಕಡೆ ಮುಖ ಮಾಡಿ ನಿಂತಿದ್ದ, ಆದರೆ ಕನ್ನಡಿಯಲ್ಲಿ ನೋಡುತ್ತಿದ್ದ. ಅವಳಿಗೂ ಅದು ಕಂಡಿತು. ಹೇಳಲಿಲ್ಲ.

ಹೊತ್ತು ಮುಳುಗುತ್ತಿತ್ತು. ಬೈಕ್ ಕೊಪ್ಪಳ ದಾಟಿ ಗಿಣಿಗೇರಾದ ಕಡೆ ತಿರುಗಿತು. ದೂರದಲ್ಲಿ ಫ್ಯಾಕ್ಟರಿಯ ದೀಪಗಳು ಒಂದೊಂದೇ ಹತ್ತಿಕೊಳ್ಳುತ್ತಿದ್ದವು.

"ರೀ... ಒಂದು ಮಾತು ಹೇಳಿದ್ರ ನಗಬಾರದು," ಎಂದಳು ಹಿಂದಿನಿಂದ.

"ಹೇಳು."

"ನನಗ ನೀರಂದ್ರ ಭಾಳ ಅಂಜಿಕಿ. ಮೊಣಕಾಲಿನ ಮ್ಯಾಲ ನೀರ ಬಂದ್ರ ಉಸಿರ ಕಟ್ಟತದ."

ಅವನ ಭುಜ ನಗುವಿಗೆ ಅಲುಗತೊಡಗಿತು.

"ನಗಬಾರದು ಅಂದಿದ್ದೆ!"

"ನಿನ್ನ ನೋಡಿ ನಗತಿಲ್ಲ ಮಾರಾಯ್ತಿ... ನನಗೂ ಈಸಾಕ ಬರೂದಿಲ್ಲ. ನನಗೂ ಅಂಜಿಕಿ!"

"ಅಯ್ಯ ಶಿವನ! ಇಬ್ರೂ ಅಂಜುಬುರುಕರು ಸೇರಿ ಮಕ್ಕಳನ್ನ ಹೆಂಗ ಕಾಯೂದ್ರಿ?"

"ಸಣ್ಣ ಹುಡುಗರ ಹೊಂಡ ಐತಂತ, ಮೊಣಕಾಲಿನತನಕ ನೀರು. ಅದರಾಗ ನಾಲ್ಕೂ ಮಂದಿ ಕುಂದ್ರೂಣು."

"ಮತ್ತ ಕಾಲು ಜಾರಿದ್ರ?"

"ಕೈ ಹಿಡ್ಕೊಂಡಿರೂಣು."

ಗಾಳಿಗೆ ಅವಳ ಸೆರಗು ಹಾರುತ್ತಿತ್ತು. ಇಷ್ಟು ದಿನ ಅವಳು ಸೀಟಿನ ಹಿಂದಿನ ಕಬ್ಬಿಣದ ಸರಳನ್ನೇ ಹಿಡಿದು ಕೂರುತ್ತಿದ್ದಳು.

"ನಾಳಿತನಕ ಯಾಕ ಕಾಯಬೇಕು?" ಎಂದಳು, ತನಗೇ ಕೇಳಿಸದಷ್ಟು ಮೆಲ್ಲಗೆ. "ಈಗ ಹಿಡ್ಕೋರಿ."

"ನನ್ನ ಎರಡೂ ಕೈ ಹ್ಯಾಂಡಲ್ ಮ್ಯಾಲ ಅದಾವಲ್ಲ ಶಿವಲೀಲಾ... ನೀನ ಹಿಡ್ಕೋ."

ಅವಳು ಹಿಡಿದುಕೊಂಡಳು.